ನರ್ಸಿಂಗ್ ಸಿಇಟಿಗೆ ಜೀವಕೋಶ, ಜೆನೆಟಿಕ್ಸ್ ಮನ್ಯಾಗ ಹೆಂಗ ಓದಸೂದು?

ಕೇಳಿದವರು, ಹಾವೇರಿಯಿಂದ:

ನನ್ನ ತಂಗಿ ಸೆಕೆಂಡ್ ಪಿಯುಸಿ. ಬಿ.ಎಸ್ಸಿ ನರ್ಸಿಂಗ್ ಸೇರಬೇಕಂತ ಆಸೆ, ಅದಕ್ಕ ಸಿಇಟಿ ಬರೀತಾಳ. ಎಸ್ಸೆಸ್ಸೆಲ್ಸಿ ತನಕಾ ಕನ್ನಡ ಮೀಡಿಯಂ. ಹೃದಯ, ಕಿಡ್ನಿ ಅಂದ್ರ ಛಲೋ ಓದ್ತಾಳ, ಕೋಶ ವಿಭಜನೆ ಮತ್ತ ಜೆನೆಟಿಕ್ಸ್ ಬಂತಂದ್ರ ಪುಸ್ತಕ ಮುಚ್ಚಿಡ್ತಾಳ. ಧಾರವಾಡದಾಗ ಇಟ್ಟು ಕೋಚಿಂಗ್ ಕೊಡಸೂವಷ್ಟು ಅನುಕೂಲ ಇಲ್ಲ. ಅನುಭವ ಇದ್ದವರು ಹೇಳ್ರಿ.

ಹುಬ್ಬಳ್ಳಿಯ ಒಬ್ಬ ಸ್ಟಾಫ್ ನರ್ಸ್:

ಅಂಗಕಗಳ (ಕೋಶದೊಳಗಿನ ಸಣ್ಣ ಭಾಗಗಳ) ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬೇಡಿ. ಒಂದೊಂದು ಕೋಶವನ್ನು ಹಿಡಿದುಕೊಂಡು ಓದಲಿ. ಕೆಂಪು ರಕ್ತಕಣದಿಂದಲೇ ಶುರು ಮಾಡಿಸಿ. ಬಲಿತ ಕೆಂಪು ಕಣದಲ್ಲಿ ಕೋಶಕೇಂದ್ರ ಇಲ್ಲ, ಆಕ್ಸಿಜನ್ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾನೂ ಇಲ್ಲ. ಒಳಗಿನ ಜಾಗವೆಲ್ಲ ಹಿಮೋಗ್ಲೋಬಿನ್‌ಗೆ ಬಿಟ್ಟುಕೊಟ್ಟಿದೆ. ಮೈಟೋಕಾಂಡ್ರಿಯಾ ಇಲ್ಲದ ಕಾರಣ ತಾನು ಹೊತ್ತ ಆಕ್ಸಿಜನ್ ತಾನೇ ಖರ್ಚು ಮಾಡುವುದಿಲ್ಲ, ಗ್ಲೈಕಾಲಿಸಿಸ್, ಅಂದರೆ ಆಕ್ಸಿಜನ್ ಇಲ್ಲದೆ ಗ್ಲೂಕೋಸ್ ಒಡೆಯುವುದರ ಮೇಲೆಯೇ ಬದುಕು. ಕೋಶಕೇಂದ್ರ ಇಲ್ಲದ ಕಾರಣ ಹೊಸ ಪ್ರೋಟೀನ್ ತಯಾರಿಸಿ ರಿಪೇರಿ ಮಾಡಿಕೊಳ್ಳಲಾರದು, ಸುಮಾರು 120 ದಿನಕ್ಕೆ ಆಯುಷ್ಯ ಮುಗಿಯುತ್ತದೆ. ಯಾವ ಅಂಗಕ ಏನು ಮಾಡುತ್ತದೆ ಎಂಬುದು, ಅದು ಇಲ್ಲದ ಕೋಶ ನೋಡಿದಾಗಲೇ ಚೆನ್ನಾಗಿ ತಿಳಿಯುತ್ತದೆ.

ಕೋಶಪೊರೆ ಮತ್ತು ಆಸ್ಮಾಸಿಸ್‌ಗೂ ಇದೇ ಕಣ ಸಾಕು. ನಾವು ದಿನಾ ಹಚ್ಚುವ ನಾರ್ಮಲ್ ಸಲೈನ್ 0.9 ಪರ್ಸೆಂಟ್ ಯಾಕೆ ಅಂತ ಕೇಳಿ. ಆ ಉಪ್ಪಿನ ಪ್ರಮಾಣಕ್ಕೆ ಕಣ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬರೀ ಡಿಸ್ಟಿಲ್ಡ್ ವಾಟರ್ ರಕ್ತನಾಳಕ್ಕೆ ಹೋದರೆ ನೀರು ಪೊರೆ ದಾಟಿ ಒಳನುಗ್ಗಿ ಕಣ ಒಡೆಯುತ್ತದೆ. ಹೈಪೋಟಾನಿಕ್ (ಕಣಕ್ಕಿಂತ ಉಪ್ಪು ಕಡಿಮೆ), ಹೈಪರ್‌ಟಾನಿಕ್ (ಉಪ್ಪು ಹೆಚ್ಚು) ಅಂತ ಗೊಂದಲ ಮಾಡಿಕೊಳ್ಳುವ ಹುಡುಗಿಗೆ ಇಷ್ಟು ತಿಳಿದರೆ ಮುಂದೆ ವಾರ್ಡಿನಲ್ಲೂ ಉಪಯೋಗ.

ಆಮೇಲೆ ಬೇಗ ಬೇಗ ಸಾಗಬಹುದು: ಇನ್ಸುಲಿನ್ ಮಾಡುವ ಬೀಟಾ ಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್, ಅದನ್ನು ಸಾಗಿಸುವ ಒರಟು ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್), ಪ್ಯಾಕ್ ಮಾಡುವ ಗಾಲ್ಗಿ, ಅದೇ ಸಾಲಿನಲ್ಲಿ. ಔಷಧಿಯ ವಿಷ ಇಳಿಸುವ ಲಿವರ್ ಕೋಶದಲ್ಲಿ ನಯವಾದ ಇಆರ್. ಬ್ಯಾಕ್ಟೀರಿಯಾ ನುಂಗಿದ ಬಿಳಿ ಕಣದಲ್ಲಿ ಅದನ್ನು ಜೀರ್ಣಿಸುವ ಲೈಸೋಸೋಮ್.

ಗದಗದ ಪಿಯು ಜೀವಶಾಸ್ತ್ರ ಉಪನ್ಯಾಸಕರು:

ಕೋಶ ವಿಭಜನೆಯಲ್ಲಿ ಮಕ್ಕಳು ಸೋಲುವುದು ಹಂತಗಳ ಹೆಸರಿನಲ್ಲಿ ಅಲ್ಲ, ಲೆಕ್ಕದಲ್ಲಿ. ಕ್ರೋಮೋಸೋಮ್ ಸಂಖ್ಯೆ ಬೇರೆ, ಡಿಎನ್‌ಎ ಪ್ರಮಾಣ ಬೇರೆ. ವಿಭಜನೆಗೆ ಮುಂಚಿನ ಎಸ್ ಹಂತದಲ್ಲಿ ಡಿಎನ್‌ಎ ಇಮ್ಮಡಿ ಆಗುತ್ತದೆ, ಆದರೆ ಮನುಷ್ಯನ ಕೋಶದಲ್ಲಿ ಕ್ರೋಮೋಸೋಮ್ 46 ಇದ್ದದ್ದು 46 ಆಗಿಯೇ ಇರುತ್ತದೆ. ಕ್ರೊಮ್ಯಾಟಿಡ್ (ನಕಲಾದ ಕ್ರೋಮೋಸೋಮಿನ ಒಂದೊಂದು ಎಳೆ) ಮಾತ್ರ 92. ಎಳೆಗಳು ಕೂಡುವ ಗಂಟು, ಅಂದರೆ ಸೆಂಟ್ರೋಮಿಯರ್ ಎಷ್ಟಿವೆಯೋ ಕ್ರೋಮೋಸೋಮ್ ಅಷ್ಟೇ. ಈ ಒಂದು ನಿಯಮ ಗಟ್ಟಿಯಾದರೆ ಅರ್ಧ ಭಯ ಹೋಗುತ್ತದೆ.

ನಾನು ತರಗತಿಯಲ್ಲಿ ನೂಲು ಕೊಟ್ಟು ಕಲಿಸುತ್ತೇನೆ. ಬೆಟಗೇರಿಯ ಮಗ್ಗದ ಮನೆಗಳ ಮಕ್ಕಳೇ ಉಳಿದ ನೂಲಿನ ತುಂಡು ತರುತ್ತಾರೆ. ಅಪ್ಪನ ಕಡೆಯದು ನೀಲಿ, ಅವ್ವನ ಕಡೆಯದು ಕೆಂಪು, ಎರಡು ಜೊತೆ ಸಾಕು, ಒಂದು ಉದ್ದ, ಒಂದು ಗಿಡ್ಡ. ಪ್ರತಿ ಎಳೆಗೂ ಅದೇ ಬಣ್ಣದ ನಕಲು ಸೇರಿಸಿ ನಡುವೆ ಗಂಟು ಹಾಕಿದರೆ ಎಸ್ ಹಂತ ಮುಗಿಯಿತು. ದೇಹದ ಸಾಮಾನ್ಯ ಕೋಶ ಎರಡಾಗುವ ಮೈಟೋಸಿಸ್‌ನಲ್ಲಿ ಗಂಟು ಬಿಚ್ಚುತ್ತದೆ, ಎಳೆಗಳು ಬೇರೆಯಾಗುತ್ತವೆ. ಅಂಡಾಣು, ವೀರ್ಯಾಣು ಹುಟ್ಟುವ ಮಿಯೋಸಿಸ್‌ನ ಮೊದಲ ವಿಭಜನೆಯಲ್ಲಿ ಗಂಟು ಬಿಚ್ಚುವುದಿಲ್ಲ, ನೀಲಿ ಒಂದು ಕಡೆ ಹೋದರೆ ಅದರ ಜೊತೆಯ ಕೆಂಪು ಇನ್ನೊಂದು ಕಡೆ. ಅಲ್ಲಿಯೇ 46 ಇದ್ದದ್ದು 23 ಆಗುವುದು. ಎರಡನೆಯದರಲ್ಲಿ ಗಂಟು ಬಿಚ್ಚಿದರೂ 23 ಬದಲಾಗುವುದಿಲ್ಲ. ಬಣ್ಣಗಳ ಹಂಚಿಕೆ ಪ್ರತಿ ಸಲ ಬೇರೆ ಬರುವುದನ್ನು ಕೈಯಿಂದ ಮಾಡಿ ನೋಡಿದ ಮಗುವಿಗೆ ಮೆಂಡೆಲನ ಸ್ವತಂತ್ರ ವಿಂಗಡಣೆಯ ನಿಯಮವನ್ನು ಬೇರೆಯಾಗಿ ಹೇಳಬೇಕಿಲ್ಲ. ಒಂದು ಜೊತೆ ಬೇರೆಯಾಗದೆ ಒಂದೇ ಕಡೆ ಹೋಗಲಿ, 21ನೆಯದು ಮೂರಾಗಿ ಡೌನ್ ಸಿಂಡ್ರೋಮ್ ಹೇಗೆ ಬರುತ್ತದೆ ಎಂಬುದೂ ಕಣ್ಣಿಗೆ ಕಾಣುತ್ತದೆ.

ಇಸವಿಗಳಿಗೆ ಹೆಚ್ಚು ಸಮಯ ಕೊಡಬೇಡಿ. ಕೋಶವನ್ನು ಮೊದಲು ಕಂಡ ಹುಕ್ 1665, ಕೋಶದಿಂದಲೇ ಕೋಶ ಎಂದ ವಿರ್ಕೋ 1855, ಮೆಂಡೆಲನ ಪ್ರಬಂಧ 1866, ಅದರ ಮರುಶೋಧ 1900. ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಆಯಿತು.

ಧಾರವಾಡ, ನರ್ಸಿಂಗ್ ಮೊದಲ ವರ್ಷ:

ಸಿಇಟಿ ಬಯಾಲಜಿ ಒಳಗ 60 ಪ್ರಶ್ನೆ, 80 ನಿಮಿಷ. ತಪ್ಪಾದ್ರ ಮಾರ್ಕ್ಸ್ ಕಟ್ ಆಗೂದಿಲ್ಲ, ಹಂಗಾಗಿ ಒಂದೂ ಖಾಲಿ ಬಿಡಬ್ಯಾಡ ಅಂತ ಹೇಳ್ರಿ. ಡೈಹೈಬ್ರಿಡ್ (ಎರಡು ಗುಣ ಒಟ್ಟಿಗೆ ನೋಡೂ) ಲೆಕ್ಕಕ್ಕ 16 ಮನಿ ಚೌಕ ಬರಕೋಂತ ಕುಂತ್ರ ಟೈಮ್ ಸಾಲೂದಿಲ್ಲ. ಒಂದೊಂದು ಗುಣ ಬ್ಯಾರೆ ಮಾಡಿ ಗುಣಾಕಾರ ಮಾಡಬೇಕು: ಮೆಂಡೆಲನ ಬಟಾಣಿಯೊಳಗ ದುಂಡು ಬೀಜ ಬರೂದು 3/4, ಹಳದಿ ಬರೂದು 3/4, ಎರಡೂ ಸೇರಿ 9/16. ಆದ್ರ ಶುರುವಿಗೆ ಒಂದೆರಡು ಸಲನಾದ್ರೂ ಪೂರ್ತಿ ಚೌಕ ಬರದು ನೋಡ್ಲಿ, ಇಲ್ಲಂದ್ರ ಗುಣಾಕಾರ ಯಾಕ ಅನ್ನೂದು ತಿಳಿಯೂದಿಲ್ಲ. ಪುಸ್ತಕ ಪಿಯುಸಿದ್ದು ಸಾಕು. ಇಂಗ್ಲಿಷ್ ಶಬ್ದಕ್ಕ ಹೆದರಬ್ಯಾಡಂತ ಹೇಳ್ರಿ, ನಾನೂ ಕನ್ನಡ ಮೀಡಿಯಂನಿಂದನ ಬಂದಾಕಿ. ಪಾಠ ಮೊದ್ಲ ಕನ್ನಡದಾಗ ಅವ್ವಗ ವಿವರಿಸಿ ಹೇಳಿ, ಆಮ್ಯಾಲೆ ಶಬ್ದ ಹಿಡೀತಿದ್ದೆ.

ಕಲಘಟಗಿ ಕಡೆಯ ಲ್ಯಾಬ್ ಟೆಕ್ನಿಷಿಯನ್:

ಜೆನೆಟಿಕ್ಸ್ ನಮ್ಮ ಮನೆಗಳ ವಿಷಯ ಅಂತ ತಂಗಿಗೆ ಹೇಳಿ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಿಂದಿನಿಂದ ಬಂದದ್ದು. ದುರ್ಬಲ (ಎರಡೂ ಕಡೆಯಿಂದ ಬಂದರೆ ಮಾತ್ರ ಪ್ರಕಟವಾಗುವ) ವಂಶವಾಹಿ ಒಂದೇ ಮನೆತನದಿಂದ ಎರಡೂ ಕಡೆ ಬಂದು ಸೇರುವ ಸಾಧ್ಯತೆ ಅಲ್ಲಿ ಹೆಚ್ಚು. ಸಿಕಲ್ ಸೆಲ್, ಥಲಸೇಮಿಯಾ ಎಂಬ ರಕ್ತದ ಕಾಯಿಲೆಗಳೆರಡೂ ಹೀಗೆ ಬರುವಂಥವು. ಸಿಕಲ್ ಸೆಲ್‌ನಲ್ಲಿ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 6ನೇ ಸ್ಥಾನದ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬರುತ್ತದೆ, ಅಷ್ಟು ಸಣ್ಣ ಬದಲಾವಣೆಗೆ ಕಣದ ಆಕಾರವೇ ಕೆಡುತ್ತದೆ.

ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ (ಕಾಯಿಲೆ ಇಲ್ಲದೆ ಅಂಥ ಒಂದು ವಂಶವಾಹಿ ಹೊತ್ತವರು) ಮಗುವಿಗೆ ಕಾಯಿಲೆಯ ಸಾಧ್ಯತೆ 25 ಪರ್ಸೆಂಟ್, ಅದು ಪ್ರತಿ ಬಸುರಿಗೂ ಹೊಸದಾಗಿ. "ಮೊದಲನೇದಕ್ಕೆ ಬಂತು, ಇನ್ನು ಮೂರಕ್ಕೆ ಚಿಂತೆ ಇಲ್ಲ" ಅನ್ನುವವರನ್ನು ನಾನು ಕಂಡಿದ್ದೇನೆ, ಸಂಕಟವಾಗುತ್ತದೆ. ಹೆಣ್ಣು ಹುಟ್ಟಿತೆಂದು ಸೊಸೆಯನ್ನು ಬೈಯುವ ಮನೆಗಳಿನ್ನೂ ಇವೆ. ತಾಯಿ ಕೊಡುವುದು ಯಾವಾಗಲೂ ಎಕ್ಸ್ ಕ್ರೋಮೋಸೋಮ್, ಎಕ್ಸ್ (ಹೆಣ್ಣು) ಅಥವಾ ವೈ (ಗಂಡು) ಬರುವುದು ತಂದೆಯ ವೀರ್ಯಾಣುವಿನಿಂದ. ಮುಂದೆ ನರ್ಸ್ ಆಗಿ ಇದನ್ನು ಬಾಣಂತಿಯ ಅತ್ತೆಗೆ ಸಮಾಧಾನವಾಗಿ ತಿಳಿಸಿ ಹೇಳಬೇಕಾದವಳು ಅವಳೇ.

ಕೇಳಿದವರು:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಇವತ್ತ ನೂಲು ತಂದು ಕೊಟ್ಟೀನಿ. ಆಕಿ ಒಂದು ಕೇಳ್ಯಾಳ: ಅಪ್ಪಂದು ಎ ಗ್ರೂಪ್, ಅವ್ವಂದು ಬಿ, ಮಗೀದು ಓ ಇರಾಕ ಸಾಧ್ಯ ಐತೇನ್ರಿ?

ಲ್ಯಾಬ್ ಟೆಕ್ನಿಷಿಯನ್:

ಸಾಧ್ಯ. ಇಬ್ಬರಲ್ಲೂ ಓ ವಂಶವಾಹಿ ಅಡಗಿದ್ದರೆ ಆ ದಂಪತಿಗೆ ಎ, ಬಿ, ಎಬಿ, ಓ ನಾಲ್ಕೂ ಗ್ರೂಪಿನ ಮಕ್ಕಳಾಗಬಹುದು. ಎ ಮತ್ತು ಬಿ ಎರಡೂ ಒಟ್ಟಿಗೆ ಪ್ರಕಟವಾಗುವುದು ಸಹಪ್ರಾಬಲ್ಯ, ಒಂದೇ ಗುಣಕ್ಕೆ ಮೂರು ಆಲೀಲ್ (ವಂಶವಾಹಿಯ ಬೇರೆ ಬೇರೆ ರೂಪ) ಇರುವುದು ಬಹು ಆಲೀಲ್. ಪರೀಕ್ಷೆಗೆ ಎರಡೂ ಬೇಕು. ಎಬಿ ಗ್ರೂಪಿನ ತಂದೆಗೋ ತಾಯಿಗೋ ಓ ಮಗು ಆಗುವುದಿಲ್ಲ ಅಂತ ಉತ್ತರ ಬರೆಯಲಿ. 1952ರಲ್ಲಿ ವರದಿಯಾದ ಬಾಂಬೆ ಬ್ಲಡ್ ಗ್ರೂಪ್ ಇದಕ್ಕೆ ಅಪರೂಪದ ಅಪವಾದ, ಅಲ್ಲಿ ಎ, ಬಿ ತಯಾರಾಗಲು ಬೇಕಾದ ಎಚ್ ಆಂಟಿಜನ್ನೇ ಇರುವುದಿಲ್ಲ. ಅದನ್ನು ಸಿಇಟಿ ಮುಗಿದ ಮೇಲೆ ಓದಲಿ.