ರಿಟೈರ್ ಆದ್ಮೇಲೆ ಲೇತ್ ಮೇಲೆ ಮರ ಕಡೆಯೋದು ಕಲೀಬೇಕು, ಮಾಡಿದವರು ಅನುಭವ ಹೇಳಿ

ಕೇಳಿದ್ದು, ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಕೆಲಸದಿಂದ ರಿಟೈರ್ ಆಗಿ ಎಂಟು ತಿಂಗಳಾಯ್ತು, ವಯಸ್ಸು 61. ಚಿಕ್ಕಂದಿನಿಂದ ಮರದ ಕೆಲಸ ಅಂದ್ರೆ ಆಸೆ, ಆದ್ರೆ ಒಂದು ದಿನಾನೂ ಉಳಿ ಹಿಡಿದೋನಲ್ಲ. ಯೂಟ್ಯೂಬಲ್ಲಿ ಲೇತ್, ಅಂದ್ರೆ ಮರ ತಿರುಗಿಸೋ ಮೆಷಿನ್, ಅದರ ಮೇಲೆ ಬಟ್ಟಲು ಕಡೆಯೋದು ನೋಡಿ ನೋಡಿ ಈಗ ಅದೇ ಧ್ಯಾನ. ಮನೆ ಹಿಂದೆ ಹತ್ತಡಿ ಹನ್ನೆರಡಡಿ ಶೀಟ್ ಹಾಕಿರೋ ಜಾಗ ಇದೆ, 40 ಸಾವಿರದವರೆಗೆ ಹಾಕಬಹುದು. ಸ್ವಲ್ಪ ಶುಗರ್ ಇದೆ, ಸೊಂಟನೋವು ಆಗಾಗ ಬರುತ್ತೆ. ಮನೆಯವರು ಈ ವಯಸ್ಸಲ್ಲಿ ಕೈ ಕುಯ್ಕೊಂಡು ಕೂತ್ಕೋಬೇಡಿ ಅಂತಿದ್ದಾರೆ. ಯಾವ ಮೆಷಿನ್ ತಗೋಬೇಕು, ಎಲ್ಲಿ ಕಲೀಬೇಕು, ದಯವಿಟ್ಟು ಹೇಳಿ.

ಮೈಸೂರಿಂದ:

ಸರ್, ನಾನು 60ಕ್ಕೆ ರಿಟೈರ್ ಆಗಿ ಆರು ತಿಂಗಳಿಗೇ ಲೇತ್ ತಂದೋನು, ಈಗ ಏಳನೇ ವರ್ಷ. ಮೆಷಿನ್ ಆಮೇಲೆ ತಗೊಳ್ಳಿ, ಮೊದಲು ಸಾಣೆ ಹಿಡಿಯೋದು ಕಲೀರಿ. ನಾನು ಉಲ್ಟಾ ಮಾಡಿದೆ. ಇದ್ದ ದುಡ್ಡೆಲ್ಲಾ ಮೆಷಿನ್‌ಗೆ ಸುರಿದು, ಅಂಗಡಿಯವರು ಜೊತೆಗೆ ಕೊಟ್ಟ ಎಂಟು ಉಳಿ ಸೆಟ್ ಇಟ್ಕೊಂಡು ಮೂರು ತಿಂಗಳು ಒದ್ದಾಡಿದೆ, ಉಳಿ ಮರಾನ ಕಡೀತಾನೇ ಇರ್ಲಿಲ್ಲ, ಕೆರೀತಾ ಇತ್ತು, ಬರೀ ಹಿಟ್ಟಿನ ಥರ ಧೂಳು, ಮುಟ್ಟಿದ್ರೆ ಒರಟು ಒರಟು, ಆಮೇಲೆ ಗಂಟೆಗಟ್ಲೆ ಎಮರಿ ಪೇಪರ್ ಹಾಕಿ ಉಜ್ಜಬೇಕು. ನನ್ನ ಕೈಗೇ ಇದು ಬರಲ್ಲ ಅಂದ್ಕೊಂಡು ಬಿಟ್ಟೇಬಿಡೋ ಮಟ್ಟಕ್ಕೆ ಬಂದಿದ್ದೆ. ನಮ್ಮ ಹಿಂದಿನ ಬೀದೀಲಿ ಮಂಚದ ಕಾಲು ಕಡೆಯೋ ಹಿರಿಯರೊಬ್ಬರಿದ್ರು, ಅವರ ಹತ್ರ ಉಳಿ ತಗೊಂಡೋಗಿ ತೋರಿಸಿದೆ. ಹೆಬ್ಬೆರಳ ಉಗುರಿನ ಮೇಲೆ ಉಳಿ ಬಾಯಿ, ಅಂದ್ರೆ ಅದರ ಅಲಗು, ಇಟ್ಟು ನೋಡಿದ್ರು, ಕಚ್ಚದೇ ಜಾರಿಹೋಯ್ತು. "ಇದಕ್ಕೆ ಬಾಯೇ ಇಲ್ವಲ್ಲ ಸ್ವಾಮಿ" ಅಂದ್ರು.

ಅವರು ಹೇಳಿಕೊಟ್ಟಿದ್ದನ್ನೇ ನಿಮಗೂ ಹೇಳ್ತೀನಿ. ಉಳಿಯ ಇಳಿಜಾರು ಭಾಗ ಇರುತ್ತಲ್ಲ, ಅದಕ್ಕೆ ಪೂರ್ತಿ ಮಾರ್ಕರ್ ಪೆನ್ನಲ್ಲಿ ಕಪ್ಪು ಬಳಿಯಿರಿ. ಸಾಣೆ ಹಿಡಿಯೋ ಗ್ರೈಂಡರ್ ಸ್ವಿಚ್ ಹಾಕದೇ, ಅದರ ಕಲ್ಲನ್ನ ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಉಳಿ ಮುಟ್ಟಿಸಿ ನೋಡಿ. ಕಪ್ಪು ತುದಿಯಲ್ಲಿ ಮಾತ್ರ ಹೋಗಿದ್ರೆ ಕೋನ ಜಾಸ್ತಿ ಆಗ್ತಿದೆ, ಹಿಂದುಗಡೆ ಮಾತ್ರ ಹೋಗಿದ್ರೆ ಕಮ್ಮಿ ಆಗ್ತಿದೆ, ಮೇಲಿಂದ ಕೆಳಗೆ ಒಂದೇ ಸಮ ಅಳಿಸಿದ್ರೆ ಸರಿಯಾಗಿದೆ, ಆಮೇಲೆ ಸ್ವಿಚ್ ಹಾಕಿ ಮೆತ್ತಗೆ ಮುಟ್ಟಿಸಿ, ಒತ್ತಬೇಡಿ. ಹೀಗೆ ಸಾಣೆ ಹಿಡಿದ ಉಳೀನ ಮೊದಲ ಸಲ ಹಸಿ ಸೀಬೆ ಕೊಂಬೆ ಮೇಲೆ ಇಟ್ಟಾಗ ಸದ್ದೇ ಬೇರೆ ಬಂತು, ಬಾಳೆಕಾಯಿ ಸಿಪ್ಪೆ ಹೆರೆದ ಹಾಗೆ ಉದ್ದುದ್ದ ಸುರುಳಿ ಬಂದು ನನ್ನ ಮುಂಗೈ ಮೇಲೆ ಬಿತ್ತು, ತಣ್ಣಗೆ ಒದ್ದೆ ಒದ್ದೆಯಾಗಿತ್ತು. ಆವತ್ತು ರಾತ್ರಿ ಖುಷಿಗೆ ನಿದ್ದೇನೇ ಬರ್ಲಿಲ್ಲ.

ಹಾಗಾಗಿ ನಿಮ್ಮ 40 ಸಾವಿರದಲ್ಲಿ ಕಾಲು ಭಾಗ ಗ್ರೈಂಡರ್ ಮತ್ತು ಉಳಿಗೆ ಎತ್ತಿಡಿ. ಉಳಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಉಕ್ಕಿಂದಾಗಿರಲಿ. ಸಾದಾ ಕಾರ್ಬನ್ ಸ್ಟೀಲ್ ಸಾಣೇಲಿ ಕಾದು ನೀಲಿ ತಿರುಗಿದ್ರೆ ಗಟ್ಟಿತನ ಹೋಯ್ತು ಅಂತಾನೇ ಲೆಕ್ಕ. ಎಂಟು ಉಳಿ ಬೇಡವೇ ಬೇಡ, ರಫಿಂಗ್ ಗೌಜ್ (ಒರಟು ಮರಾನ ದುಂಡಗೆ ಮಾಡೋ ಉಳಿ), ಸಣ್ಣ ಸ್ಪಿಂಡಲ್ ಗೌಜ್ (ಉದ್ದನೇ ತುಂಡಿಗೆ ಆಕಾರ ಕೊಡೋ ಉಳಿ), ಪಾರ್ಟಿಂಗ್ ಟೂಲ್ (ತುಂಡು ಬೇರ್ಪಡಿಸೋ ಉಳಿ) ಸಾಕು ಮೊದಲ ವರ್ಷಕ್ಕೆ. ಬಟ್ಟಲು ಮಾಡೋ ಹೊತ್ತಿಗೆ ಬೌಲ್ ಗೌಜ್ ಬೇರೆ ತಗೊಳ್ಳಿ, ರಫಿಂಗ್ ಗೌಜನ್ನ ಯಾವ ಕಾರಣಕ್ಕೂ ಬಟ್ಟಲಿಗೆ ಹಾಕಬೇಡಿ, ಅದು ಹಿಡಿಯೊಳಗೆ ಹೋಗೋ ಜಾಗದಲ್ಲಿ ತೆಳ್ಳಗಿರುತ್ತೆ, ಅಡ್ಡ ನಾರು ಹಿಡ್ಕೊಂಡ್ರೆ ಪಟ್ ಅಂತ ಮುರಿದು ಮುಖಕ್ಕೆ ಬರುತ್ತೆ.

ಸ್ಪೀಡಿಗೆ ಒಂದು ಲೆಕ್ಕ ಇದೆ. ಮರದ ಅಡ್ಡಳತೆ ಇಂಚಲ್ಲಿ ಎಷ್ಟಿದೆಯೋ ಅದನ್ನ ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದರ ಜೊತೆ ಗುಣಿಸಿದ್ರೆ 6000ದಿಂದ 9000ದೊಳಗೆ ಇರಬೇಕು. ಅಂದ್ರೆ 8 ಇಂಚಿನ ಬಟ್ಟಲಿಗೆ 750 ಸುತ್ತಿಂದ ಹೆಚ್ಚೆಂದರೆ 1100, ಹೊಸಬರು ಕೆಳಗಿನ ಅಂಕಿಗಿಂತಲೂ ಕಮ್ಮೀಲೇ ಶುರು ಮಾಡ್ಬೇಕು, ಅದರಲ್ಲೂ ಮರ ಇನ್ನೂ ಗುಂಡಗಾಗಿರದಿದ್ರೆ. ನಾನು ಈ ಲೆಕ್ಕ ತಿಳಿಯೋ ಮುಂಚೆ ಸಿಲ್ವರ್ ಓಕ್ ತುಂಡೊಂದನ್ನ ಜೋರಾಗಿ ಬಿಟ್ಟು, ಒಳಗೊಂದು ಬಿರುಕಿದ್ದದ್ದು ಕಾಣ್ಲಿಲ್ಲ, ಎರಡು ಹೋಳಾಗಿ ಒಂದು ಹೋಗಿ ಶೀಟಿಗೆ ಬಡಿದು ಶೀಟೇ ಉಬ್ಬಿತ್ತು. ಪಕ್ಕಕ್ಕೆ ನಿಂತಿದ್ದಕ್ಕೆ ಉಳ್ಕೊಂಡೆ. ಸ್ವಿಚ್ ಹಾಕೋವಾಗ ಮರದ ಎದುರಿಗೆ ನಿಲ್ಲಲೇಬೇಡಿ. ಮುಖಕ್ಕೆ ಪೂರ್ತಿ ಮುಚ್ಚೋ ಶೀಲ್ಡ್ ಬೇಕೇ ಬೇಕು, ಕನ್ನಡಕ ಇದೆಯಲ್ಲ ಅನ್ಬೇಡಿ.

ಸೊಂಟಕ್ಕೆ ಹೇಳೋದಾದ್ರೆ, ಮರ ತಿರುಗೋ ನಡುಗೆರೆ ನಿಮ್ಮ ಮೊಣಕೈ ಎತ್ತರಕ್ಕೆ ಬರೋ ಹಾಗೆ ಸ್ಟ್ಯಾಂಡ್ ಮಾಡಿಸಿ. ರೆಡಿ ಸ್ಟ್ಯಾಂಡ್ ನನಗೆ ನಾಲ್ಕಿಂಚು ತಗ್ಗಾಗಿತ್ತು, ಬಗ್ಗಿ ಬಗ್ಗಿ ನೋವು, ಎರಡು ಹಲಗೆ ಕೊಟ್ಟು ಎತ್ತರಿಸಿದ ಮೇಲೆ ನೋವೇ ಬರ್ಲಿಲ್ಲ.

ಶಿವಮೊಗ್ಗದಿಂದ:

ನಾನು ರಿಟೈರ್ಡ್ ಹೈಸ್ಕೂಲ್ ಟೀಚರ್, ಹೆಂಗಸರೂ ಮಾಡ್ತೀವಿ ಅಂತ ಹೇಳೋದಕ್ಕೇ ಬರೀತಿದೀನಿ. ಸರ್, ನಿಮ್ಮ ಮನೆಯವರ ಭಯ ಸರಿಯಾಗೇ ಇದೆ, ಅವರನ್ನ ಒಂದು ದಿನ ಶೆಡ್ಡಿಗೆ ಕರ್ಕೊಂಡೋಗಿ ಎಲ್ಲಾ ತೋರಿಸಿ. ಪಂಚೆ, ಟವೆಲ್, ಉದ್ದ ತೋಳು, ಕೈಗೆ ದಾರ, ಉಂಗುರ, ವಾಚ್ ಯಾವುದೂ ಬೇಡ, ಗ್ಲೌಸಂತೂ ಹಾಕಲೇಬಾರದು, ಬಟ್ಟೆ ಸುತ್ಕೊಂಡ್ರೆ ಕೈಯನ್ನೂ ಎಳ್ಕೊಳ್ಳುತ್ತೆ. ನಾನು ಶೆಡ್ಡಿಗೆ ಹೋಗೋವಾಗ ಬಳೆ ಬಿಚ್ಚಿಟ್ಟು, ಸರ ಕುಪ್ಪಸದೊಳಗೆ ಹಾಕ್ಕೊಂಡು ಮೇಲೊಂದು ಏಪ್ರನ್ ಬಿಗೀತೀನಿ. ಶುಗರ್ ಇರೋರು ಬರಿಗಾಲಲ್ಲಿ ನಿಲ್ಲಬೇಡಿ, ಬಿಸಿ ಚಕ್ಕೆ ಬಿದ್ರೆ, ಉಳಿ ಬಿದ್ರೆ ಗಾಯ ಮಾಯೋದು ಕಷ್ಟ, ಶೂ ಹಾಕಿ ಕೆಳಗೆ ರಬ್ಬರ್ ಮ್ಯಾಟ್ ಹಾಸ್ಕೊಳ್ಳಿ. ರಕ್ತ ತೆಳುವಾಗೋ ಮಾತ್ರೆ ತಗೋತಿದ್ರೆ ಡಾಕ್ಟರನ್ನ ಕೇಳೇ ಶುರು ಮಾಡಿ.

ಧೂಳಿನ ಬಗ್ಗೆ ಯಾರೂ ಸರಿಯಾಗಿ ಹೇಳಲ್ಲ. ಮರದ ಧೂಳು ಕ್ಯಾನ್ಸರ್ ತರುತ್ತೆ ಅಂತ ಖಚಿತವಾಗಿರೋ ವಸ್ತುಗಳ ಗುಂಪಲ್ಲೇ ಇದೆ, ಸುರುಳಿ ಚಕ್ಕೆಯಿಂದ ತೊಂದರೆ ಇಲ್ಲ, ಎಮರಿ ಪೇಪರ್ ಹಾಕೋವಾಗ ಏಳೋ ಸಣ್ಣ ಪುಡಿಯಿಂದ ತೊಂದರೆ. ಎನ್95 ಮಾಸ್ಕ್, ಬಾಗಿಲು ತೆಗೆದು ಹಿಂದುಗಡೆಯಿಂದ ಫ್ಯಾನ್. ಬೀಟೆ ಧೂಳು ನನಗೆ ಆಗೋದೇ ಇಲ್ಲ, ಕೈಯೆಲ್ಲಾ ಕೆಂಪು ಗಂದೆ ಏಳುತ್ತೆ. ಇನ್ನೊಂದು, ಅಗಸೆ ಎಣ್ಣೆ ಪಾಲಿಷ್ ಹಚ್ಚಿದ ಬಟ್ಟೇನ ಮುದ್ದೆ ಮಾಡಿ ಮೂಲೇಲಿ ಬಿಸಾಡಬೇಡಿ, ತಾನಾಗೇ ಕಾದು ಬೆಂಕಿ ಹತ್ಕೊಳ್ಳುತ್ತೆ, ನೀರಲ್ಲಿ ನೆನೆಸಿ, ಇಲ್ಲಾ ಹೊರಗೆ ಹರಡಿ ಒಣಗಿಸಿ. ಬಟ್ಟಲಿಗೆ ಅವಸರ ಮಾಡಬೇಡಿ. ನಾನು ಮೊದಲು ಮಾಡಿದ್ದು ಲಟ್ಟಣಿಗೆ, ಇವತ್ತಿಗೂ ಚಪಾತಿ ಅದರಲ್ಲೇ.

ಧಾರವಾಡದಿಂದ:

ರೀ ಸರ, ಮರದ ಬಗ್ಗೆ ಯಾರೂ ಹೇಳಿಲ್ಲಲ್ಲ ಅದಕ್ಕ ಬರ್ಯಾಕತ್ತೀನಿ. ಮರಕ್ಕ ರೊಕ್ಕ ಕೊಡಬ್ಯಾಡ್ರಿ ಮೊದಲಿಗೆ. ಮಳಿಗಾಲದಾಗ ಬಿದ್ದ ಮಾವು, ಹಲಸು, ಸೀಬಿ, ಚಿಕ್ಕು ಟೊಂಗಿ ಯಾರ ಹಿತ್ತಲದಾಗರ ಸಿಕ್ಕೇ ಸಿಗತಾವ, ಹಸಿ ಇದ್ದಾಗ ಕಡ್ಯಾಕ ಮೆತ್ತಗ. ಕಡದ ದಿನಾನ ತುಂಡಿನ ಎರಡೂ ತುದಿಗೆ ಮೇಣ ಇಲ್ಲಾ ಫೆವಿಕಾಲ್ ಬಳೀರಿ, ಇಲ್ಲಂದ್ರ ವಾರದಾಗ ಸೀಳತದ. ನಟ್ಟನಡುವಿನ ತಿರುಳು ಬಟ್ಟಲದಾಗ ಬರದಂಗ ಸೀಳಿ ತಗೀರಿ, ಬಿರುಕು ಶುರು ಆಗೂದು ಅಲ್ಲಿಂದನ. ಹಸಿ ಬಟ್ಟಲಾ ದಪ್ಪಗ, ಹತ್ತಿಂಚಿಂದಿದ್ರ ಒಂದಿಂಚು ಗ್ವಾಡಿ ಬಿಟ್ಟು ಕಡದು, ಕಾಗದದ ಚೀಲದಾಗ ಅದರದ ಹೊಟ್ಟು ತುಂಬಿ ಆರು ತಿಂಗಳು ಇಡ್ರಿ. ಸೊಟ್ಟ ಆಗತದ, ಆಗಲಿ, ಆಮ್ಯಾಲ ಎರಡನೇ ಸಲ ಕಡದು ದುಂಡಗ ಮಾಡೂದು. ತೆಂಗಿನ ಮರ, ಹುಣಸಿ ಮರ ಉಳಿ ಬಾಯಿ ತಿಂತಾವ, ಮುಂದ ನೋಡ್ರಿ. ಶ್ರೀಗಂಧ, ಬೀಟಿ ತುಂಡು ಬಿಲ್ ಇಲ್ಲದ ಯಾರರ ಕೊಟ್ರ ತಗೋಬ್ಯಾಡ್ರಿ, ಅರಣ್ಯ ಇಲಾಖೆ ಕಾನೂನು ಅದ. ನಮ್ಮ ಕಡೆ ಬಂದ್ರ ಕಲಘಟಗಿ ತೊಟ್ಟಿಲಾ ಮಾಡೂದು ನೋಡಿ ಹೋಗ್ರಿ, ಅರಗಿನ ಬಣ್ಣ ಹೆಂಗ ಹಿಡೀತದ ಅಂತ ಗೊತ್ತಾಗತದ.

ರಾಮನಗರದಿಂದ:

ಅಣ್ಣ, ಮಂಡ್ಯದಲ್ಲಿ ಕೂತ್ಕೊಂಡು ಎಲ್ಲಿ ಕಲೀಬೇಕು ಅಂತೀರಲ್ಲ, ರೈಲು ಹತ್ತಿದ್ರೆ ಚನ್ನಪಟ್ಟಣ! ಅಲ್ಲಿ ಕಡೆಯೋದು ಆಲೆ ಮರ, ಆಲದ ಮರ ಅಲ್ಲ ಮತ್ತೆ, ಬೆಪ್ಪಾಲೆ ಅಂತಾನೂ ಕರೀತಾರೆ, ದಂತದ ಬಣ್ಣ, ನಾರು ನುಣ್ಣಗೆ, ಹೊಸಬರ ಕೈಗೆ ಚೆನ್ನಾಗಿ ಒಗ್ಗುತ್ತೆ. ಹಿಂದೆ ಬಿಲ್ಲಿನಂಥ ಕೋಲಿಗೆ ಕಟ್ಟಿದ ಹಗ್ಗಾನ ಹಿಂದೆ ಮುಂದೆ ಎಳೆದು ಮರ ತಿರುಗಿಸೋರು, ಮಜ್ಜಿಗೆ ಕಡೆದ ಹಾಗೇನೇ. ಈಗ ಬಹಳ ಕಡೆ ಕರೆಂಟ್ ಮೋಟರು. ನನ್ನ ಸೋದರಮಾವನ ಮನೇಲಿ ಇದೇ ಕೆಲಸ, ಚಿಕ್ಕಂದಿನಿಂದ ನೋಡಿದ್ದೀನಿ, ತಿರುಗ್ತಿರೋ ಬುಗುರಿಗೆ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜೋ ಬಿಸಿಗೇ ಅರಗು ಕರಗಿ ಪಟ್ಟೆ ಪಟ್ಟೆಯಾಗಿ ಹತ್ಕೊಳ್ಳುತ್ತೆ, ಆಗ ತಾಳೆಗರಿ ಮಡಚಿ ಹಿಡಿದು ಒತ್ತಬೇಕು, ಆ ಪಟ್ಟೆಗಳೆಲ್ಲಾ ಒಂದರೊಳಗೊಂದು ಸೇರಿ ಕನ್ನಡಿ ಥರ ಆಗುತ್ತೆ, ಒಂಥರಾ ಸಿಹಿ ವಾಸನೆ ಬರುತ್ತೆ. ಬ್ರಷ್ ಇಲ್ಲ, ವಾರ್ನಿಷ್ ಇಲ್ಲ, ಒಣಗೋಕೆ ಕಾಯೋದೂ ಇಲ್ಲ.

ಒಂದು ಮಾತು, ಅವರು ಪೀಸ್ ಲೆಕ್ಕದಲ್ಲಿ ದುಡಿಯೋರು. ಹೋಗಿ ಫ್ರೀಯಾಗಿ ಹೇಳಿಕೊಡಿ ಅಂತ ನಿಲ್ಲಬೇಡಿ, ವಾರಕ್ಕೆ ಇಷ್ಟು ದಿನ, ದಿನಕ್ಕೆ ಇಷ್ಟು ಕೂಲಿ ಅಂತ ಮಾತಾಡ್ಕೊಳ್ಳಿ. ಅವರ ಹೊತ್ತಿಗೆ ಬೆಲೆ ಕೊಟ್ರೆ ಮನಸಾರೆ ಕಲಿಸ್ತಾರೆ.

ಬೆಂಗಳೂರಿಂದ:

ವರ್ಷಕ್ಕೆ ನಾಲ್ಕೈದು ತಿಂಗಳು ಮಗಳ ಮನೆ ಅಂತ ಅಮೆರಿಕಕ್ಕೆ ಹೋಗೋ ನನ್ನಂಥೋರಿಗೆ ಒಂದು ವಿಷಯ. ಅಲ್ಲಿ 1986ರಲ್ಲಿ ಶುರುವಾದ ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ಅಂತ ಮರ ಕಡೆಯೋರ ಸಂಘ ಇದೆ, ಎಷ್ಟೋ ಊರಲ್ಲಿ ಅದರ ಶಾಖೆ. ಅಳಿಯ ಒಂದಕ್ಕೆ ಕರ್ಕೊಂಡೋಗಿ ಬಿಟ್ಟ, ಅಲ್ಲಿದ್ದ ಮುಕ್ಕಾಲು ಜನ ನನ್ನ ವಯಸ್ಸಿನೋರೇ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದ್ರೂ ನಾನು ಉಳಿ ಹಿಡಿಯೋ ಕೈ ನೋಡಿ ಅಲ್ಲಿದ್ದ ಒಬ್ಬರು ಪಕ್ಕಕ್ಕೆ ಬಂದು ನನ್ನ ಮೊಣಕೈಯನ್ನ ಮೈಗೆ ಒತ್ತಿ ತೋರಿಸಿದ್ರು, ಉಳಿ ತಿರುಗಿಸೋದು ಬರೀ ಕೈಯಿಂದಲ್ಲ, ಇಡೀ ಮೈ ಓಲಾಡಬೇಕು ಅಂತ. ಆರು ತಿಂಗಳು ವಿಡಿಯೋ ನೋಡಿದ್ರೂ ಇದು ನನಗೆ ಗೊತ್ತಾಗಿರ್ಲಿಲ್ಲ.

ಮತ್ತೆ ಮಂಡ್ಯದಿಂದ:

ಎಲ್ಲರಿಗೂ ಕೈಮುಗಿದೆ. ಪೂರ್ತಿ ಓದಿ ಮನೆಯವರಿಗೂ ಓದಿ ಹೇಳಿದೆ, ಟೀಚರ್ ಬರೆದದ್ದನ್ನ ಎರಡು ಸಲ ಓದಿಸಿದ್ರು, ಲಟ್ಟಣಿಗೆ ನಮಗೂ ಒಂದು ಬೇಕು ಅಂದ್ರು. ಲೇತ್ ಈಗ ತಗೊಳ್ಳಲ್ಲ. ನಾಳೆ ಗ್ರೈಂಡರ್ ವಿಚಾರಿಸ್ತೀನಿ, ಗುರುವಾರ ಚನ್ನಪಟ್ಟಣಕ್ಕೆ ಹೋಗ್ತಿದ್ದೀನಿ. ರಾಮನಗರದ ತಮ್ಮ, ನಿಮ್ಮ ಮಾವನವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಕೆಲಸಕ್ಕೆ ಕೂರ್ತಾರೆ? ಹಿತ್ತಲ ಸೀಬೆ ಕೊಂಬೆ ಮೊನ್ನೆ ಗಾಳಿಗೆ ಮುರಿದಿತ್ತು, ಅದರ ತುದಿಗೆ ಈಗಷ್ಟೇ ಫೆವಿಕಾಲ್ ಬಳಿದು ಬಂದೆ.