ಕೂತ್ರೆ ತಲೆನೋವು, ಮಲಗಿದ್ರೆ ಇಲ್ಲ, ಯಾರಿಗಾದ್ರೂ ಹೀಗೆ ಆದದ್ದುಂಟಾ?

ಉಡುಪಿ: ನಮ್ಮ ಅಕ್ಕನಿಗೆ 41 ವರ್ಷ, ಎರಡು ತಿಂಗಳಿಂದ ತಲೆನೋವು. ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗಿ ಅರ್ಧ ಗಂಟೆ ಆಗ್ಲಿಕ್ಕಿಲ್ಲ, ಕುತ್ತಿಗೆ ಹಿಂದಿಂದ ಶುರು ಆಗ್ತದೆ, ಮಲಗಿದ್ರೆ ಹತ್ತು ನಿಮಿಷದಲ್ಲಿ ಎಂತ ಇಲ್ಲ. ಮೈಗ್ರೇನ್ ಮಾತ್ರೆ ತಿಂದು ಉಪಯೋಗ ಆಗ್ಲಿಲ್ಲ, ಎಂಆರ್‌ಐ ನಾರ್ಮಲ್ ಅಂತೆ. ಮನೆಯಲ್ಲಿ ಈಗ ಕೆಲಸ ತಪ್ಪಿಸ್ಲಿಕ್ಕೆ ನಾಟಕ ಅಂತ ಹೇಳುವವರೂ ಇದ್ದಾರೆ. ಗೊತ್ತಿದ್ದವರು ಹೇಳಿ.

ಸುರತ್ಕಲ್: ನಾಟಕ ಅಲ್ಲ ಮಾರಾಯ್ರೆ, ನಂದೂ ಅದೇ ಕತೆ. ಮೊದಲು ಸೈನಸ್ ಅಂದ್ರು, ಮತ್ತೆ ಕುತ್ತಿಗೆ ಸವೆತ ಅಂತ ಕಾಲರ್ ಹಾಕಿಸಿದ್ರು, ನಾಲ್ಕು ತಿಂಗಳು ಹೋಯ್ತು. ಮಲಗಿದ್ರೆ ಹೇಗೆ ಅಂತ ಒಬ್ಬರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ, ತಲೆನೋವು ಬಂದವರಿಗೆ ಮಲಗಿದ್ರೆ ಆರಾಮ ಆಗುದು ಇದ್ದದ್ದೇ ಅಲ್ವಾ ಅಂತ. ಬೆನ್ನುಹುರಿ ಸುತ್ತ ನೀರು ಉಂಟಲ್ಲ, ಸಿಎಸ್‌ಎಫ್, ಅದರ ಪೊರೆಗೆ ತೂತು ಬಿದ್ದು ಸೋರಿದ್ರೆ ಮೆದುಳು ತೇಲ್ಲಿಕ್ಕೆ ನೀರು ಸಾಕಾಗುದಿಲ್ಲ, ಎದ್ದು ನಿಂತ್ರೆ ಕೆಳಗೆ ಜಗ್ಗುತ್ತದೆ. ಬಿದ್ದು ಏಟಾಗ್ಬೇಕು ಅಂತಿಲ್ಲ, ನಂಗೆ ಸುಮ್ಮನೆ ಬಂದದ್ದು. ಅಕ್ಕನ ಎಂಆರ್‌ಐ ಕಾಂಟ್ರಾಸ್ಟ್, ಅಂದ್ರೆ ಸ್ಕ್ಯಾನಲ್ಲಿ ಚೆಂದ ಕಾಣ್ಲಿಕ್ಕೆ ರಕ್ತನಾಳಕ್ಕೆ ಕೊಡುವ ಮದ್ದು, ಹಾಕಿ ಮಾಡಿದ್ದಾ? ಪ್ಲೇನ್ ಆದ್ರೆ ಮೆದುಳಿನ ಹೊರಪೊರೆ ಹೊಳೆಯುದು ಕಾಣುದಿಲ್ಲ, ನಂದು ಸಿಕ್ಕಿದ್ದೇ ಅದರಲ್ಲಿ. ಹಾಗಂತ ಕಾಂಟ್ರಾಸ್ಟ್‌ನಲ್ಲೂ ಸರಿ ಬಂದ್ರೆ ಲೀಕ್ ಇಲ್ಲ ಅಂತಲ್ಲ, ಹೆಚ್ಚುಕಮ್ಮಿ ಐದರಲ್ಲಿ ಒಬ್ಬರಿಗೆ ನಾರ್ಮಲ್ಲೇ ಬರ್ತದೆ. ಬೆನ್ನಿನದ್ದೂ ಮಾಡಿಸಿ, ಅದರಲ್ಲಿ ಸೋರುವ ಜಾಗ ಸಿಗದಿದ್ರೆ ಮೈಲೋಗ್ರಾಮ್, ಅಂದ್ರೆ ಬೆನ್ನಿನ ಆ ನೀರಿಗೇ ಮದ್ದು ಬಿಟ್ಟು ತೆಗೆಯುವ ಸ್ಕ್ಯಾನ್.

ಮೂಡುಬಿದಿರೆ: ನಂದು ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಹಾಕಿ ಆದದ್ದು. ಎರಡನೇ ದಿನ ಮಗುವಿಗೆ ಹಾಲು ಕೊಡ್ಲಿಕ್ಕೆ ಕೂತ್ರೆ ತಲೆ ಒಡೆಯುವ ಹಾಗೆ. ಅಜ್ಜಿ ಬಾಣಂತಿಗೆ ಶೀತ ಅಂತ ತಲೆಗೆ ಬಟ್ಟೆ ಬಿಗಿದದ್ದೇ ಬಿಗಿದದ್ದು, ಪಾಪ. ನೀರು, ಕಾಫಿ, ಮಲಗುದು ಅಂತ ನಾಲ್ಕು ದಿನ ನೋಡಿದ್ರು, ಕಡೆಗೆ ಬ್ಲಡ್ ಪ್ಯಾಚ್. ನಮ್ಮದೇ ಕೈಯಿಂದ ಸುಮಾರು 20 ಎಂಎಲ್ ರಕ್ತ ತೆಗೆದು ಬೆನ್ನಲ್ಲಿ ಆ ಪೊರೆಯ ಹೊರಗೆ ಬಿಡುದು, ಅದು ಹೆಪ್ಪುಗಟ್ಟಿ ತೂತು ಮುಚ್ತದೆ. ಸೊಂಟ ಒಳಗಿಂದ ಒತ್ತಿದ ಹಾಗೆ ಆಯ್ತು ಅಷ್ಟೆ. ಸಂಜೆ ಕೂತೇ ಹಾಲು ಕೊಟ್ಟೆ!

ಸುರತ್ಕಲ್: ಅಕ್ಕ, ನಿಮ್ಮದು ಎಲ್ಲಿ ತೂತು ಅಂತ ಗೊತ್ತಿತ್ತು, ತಾನಾಗಿ ಆದದ್ದು ಒಂದೇ ಪ್ಯಾಚಿಗೆ ಮುಗಿಯುದು ಕಮ್ಮಿ, ನಂಗೆ ಎರಡು ಬೇಕಾಯ್ತು. ನೀರು ಸೀದಾ ರಕ್ತನಾಳಕ್ಕೆ ಸೋರುವ ಥರವೂ ಉಂಟು, ಅದು ವರದಿ ಆದದ್ದೇ 2014ರಲ್ಲಿ, ಅದಕ್ಕೆ ಎಷ್ಟೋ ಸಲ ಪ್ಯಾಚ್ ಸಾಕಾಗುದಿಲ್ಲ. ಮತ್ತೆ ಪ್ಯಾಚ್ ಆದ ಮೇಲೆ ನಂಗೆ ಹಣೆಯಲ್ಲಿ ಬೇರೆ ನೋವು, ಈ ಸಲ ಮಲಗಿದ್ರೆ ಜಾಸ್ತಿ! ಹೆದರಿ ಫೋನ್ ಮಾಡಿದೆ, ತಲೆಯೊಳಗಿನ ಆ ನೀರಿನ ಪ್ರೆಶರ್ ಉಲ್ಟಾ ಏರಿದ್ದಂತೆ, ಮಾತ್ರೆ ಕೊಟ್ರು. ಒಂದೂವರೆ ತಿಂಗಳು ಬಗ್ಗುದು, ಸೊಂಟ ತಿರುಗಿಸುದು, ಕೊಡಪಾನ ಎತ್ತುದು ಎಲ್ಲ ಬಂದ್.

ಉಡುಪಿ: ಈಗ ರಿಪೋರ್ಟ್ ತೆಗೆದು ನೋಡಿದೆ, ಪ್ಲೇನ್ ಅಂತಲೇ ಉಂಟು. ಸೋಮವಾರ ನ್ಯೂರಾಲಜಿಸ್ಟ್ ಹತ್ರ ಕರ್ಕೊಂಡು ಹೋಗ್ತೇವೆ.

ಮೂಡುಬಿದಿರೆ: ಎದ್ದು ಎಷ್ಟು ಹೊತ್ತಿಗೆ ಬರ್ತದೆ, ಮಲಗಿ ಎಷ್ಟು ಹೊತ್ತಿಗೆ ಹೋಗ್ತದೆ ಅಂತ ನಾಲ್ಕು ದಿನದ್ದು ಚೀಟಿಯಲ್ಲಿ ಬರ್ದು ಕೊಡಿ. ತುಂಬ ಮಂಪರು ಬಂದ್ರೆ, ಎರಡೆರಡು ಕಂಡ್ರೆ, ಅಥವಾ ಮಲಗಿದ್ರೂ ನೋವು ಬಿಡದಿದ್ರೆ ಸೋಮವಾರದವರೆಗೆ ಕಾಯ್ಬೇಡಿ. ಹೋಗುವಾಗ ಬಸ್ ಬೇಡ, ಕಾರಲ್ಲಿ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಹೋಗಿ.