ಗದ್ದಲ ಬೇಕಂತೆ, ನಾನು ಬೇಡವಂತೆ

"ಅವಳಿಗೆ ಗದ್ದಲವೇ ಬೇಕಂತೆ. ಆದ್ರೆ ನಾನು ಮಾತ್ರ ಅಂಗಳಕ್ಕೆ ಇಳಿಯಬಾರದಂತೆ! ಇದೆಂಥ ಲೆಕ್ಕ ಮಾರಾಯ?" ಪೆರ್ಲದಲ್ಲಿ ಅದ್ದುಚ್ಚನ ಹೋಟೆಲಿನ ಬೆಂಚಿಗೆ ಸುಬ್ಬಣ್ಣ ಮಾವ ಬಂದು ಕೂತದ್ದೇ ಹೀಗೆ ಗೊಣಗಿಕೊಂಡು.

ಮಾವನ ತಂಗಿಯ ಮಗಳು ಭೂಭೌತಶಾಸ್ತ್ರ ಓದುವವಳು. ರಜೆಗೆ ಬಂದವಳು ಅಂಗಳದ ಮೂಲೆಯಲ್ಲಿ ಚಕ್ಕುಲಿ ಡಬ್ಬಿಯಷ್ಟು ದೊಡ್ಡ ಯಂತ್ರ ಊರಿ, ಅರ್ಧ ಗಂಟೆ ಯಾರೂ ಸುಳಿಯಬಾರದು ಅಂದಿದ್ದಾಳೆ. ಮಾವ ಒಣಗಲು ಹಾಕಿದ ಅಡಿಕೆ ಮಗುಚಲು ಹೋಗಿ ಬೈಸಿಕೊಂಡಿದ್ದಾರೆ.

"ಅದು ಎಂಥ ಮಾಡ್ತದೆ?" ಅದ್ದುಚ್ಚ ಚಾಯ ಎತ್ತಿ ಹೊಯ್ಯುತ್ತ ಕೇಳಿದ.

"ಎಂಥದೂ ಇಲ್ಲ, ನೆಲದ ನಡುಕ ಕೇಳ್ತದೆ ಅಷ್ಟೆ. ಅದರಿಂದ ಮಣ್ಣಿನಡಿಯ ಪಾರೆ, ಅಂದ್ರೆ ಬಂಡೆ, ಎಷ್ಟು ಆಳದಲ್ಲಿ ಉಂಟು ಅಂತ ಲೆಕ್ಕ ಹಾಕೋದು," ಅಂದೆ. ಅವಳ ಪಾಠ ನನಗೂ ಆಗಿತ್ತು. "ನೆಲ ಯಾವಾಗಲೂ ನಡುಗುತ್ತಾ ಇರ್ತದೆ. ಕುಂಬಳೆಯ ಕಡಲಿನ ಅಲೆ, ಗಾಳಿಗೆ ತೊನೆಯುವ ಕಂಗು, ಬಸ್ಸು, ಲಾರಿ, ಎಲ್ಲದರದ್ದೂ. 2020ರ ಲಾಕ್‌ಡೌನಿನಲ್ಲಿ ಮನುಷ್ಯರ ಗದ್ದಲ ಜಗತ್ತಿನ ಎಷ್ಟೋ ಕಡೆ ಅರ್ಧದವರೆಗೂ ಇಳಿದದ್ದು ಇಂಥ ಯಂತ್ರಗಳಲ್ಲೇ ಕಂಡದ್ದು."

"ನನ್ನ ಹೋಟೆಲು ಮುಚ್ಚಿತ್ತಲ್ಲ, ಇಳಿಯದೆ ಏನು?"

ನೀರಿಗಾಗಿ ಗುಡ್ಡದೊಳಗೆ ಸುರಂಗ ತೋಡುವ ರಾಮಣ್ಣನಿಗೆ ಇದು ಹಿಡಿಸಲಿಲ್ಲ. "ನಾವು ಪಿಕ್ಕಾಸಿನ ಹಿಂಬದಿಯಿಂದ ಗೋಡೆಗೆ ಬಡಿದು ಕಿವಿ ಕೊಡ್ತೇವೆ. ಬಡಿಯದೆ ಕೇಳೋದು ಎಂಥದು?"

"ಬಡಿಯುವ ಕೆಲಸ ಕಡಲು, ಲಾರಿ ಮಾಡಿಕೊಡ್ತವೆ ರಾಮಣ್ಣ, ಸಂಬಳ ಇಲ್ಲದೆ. ತೊಟ್ಟಿಲ ಹಗ್ಗ ಗಿಡ್ಡ ಆದ್ರೆ ಬೇಗ ತೂಗ್ತದೆ, ಉದ್ದ ಆದ್ರೆ ನಿಧಾನ. ಪಾರೆಯ ಮೇಲೆ ಕೂತ ಮೆತ್ತಗಿನ ಮಣ್ಣೂ ಹಾಗೆಯೇ, ದಪ್ಪಕ್ಕೆ ತಕ್ಕ ತಾಳ. ನೆಲದ ಅಡ್ಡ ಅಲುಗಾಟವನ್ನು ಮೇಲೆ-ಕೆಳಗಿನ ಅಲುಗಾಟದಿಂದ ಭಾಗಿಸಿದರೆ ಆ ತಾಳ ಎದ್ದು ಕಾಣ್ತದೆ. ಜಪಾನಿನ ನಕಮುರಾ 1989ರಲ್ಲಿ ಬರೆದ ಮೇಲೆ ಇದು ಎಲ್ಲ ಕಡೆ ಹಬ್ಬಿತು. ಮಣ್ಣಿನಲ್ಲಿ ಅಡ್ಡ ಅಲೆ ಸೆಕೆಂಡಿಗೆ 200 ಮೀಟರ್ ಓಡ್ತದೆ, ತಾಳ ಸೆಕೆಂಡಿಗೆ 5 ಅಂತಿಟ್ಟುಕೊಳ್ಳಿ. 5ರ ನಾಲ್ಕು ಪಟ್ಟು 20. ಅದರಿಂದ 200 ಭಾಗಿಸಿ. ಪಾರೆ 10 ಮೀಟರ್ ಕೆಳಗೆ!"

"ನಮ್ಮಲ್ಲಿ ಉಲ್ಟಾ ಅಲ್ವಾ? ಮೇಲೆ ಗಟ್ಟಿ ಮುರಕಲ್ಲು, ಅದರಡಿ ಮೆತ್ತಗಿನ ಶೇಡಿ ಮಣ್ಣು, ಆಮೇಲೆ ಪಾರೆ," ಅಂದ ರಾಮಣ್ಣ.

ಹುಡುಗಿಗೆ ಮಂಡೆಬಿಸಿಯಾದದ್ದೂ ಅಲ್ಲೇ. ಮೇಲಿನ ಗಟ್ಟಿ ಪದರ ತಾಳ ಕೆಡಿಸ್ತದೆ. ಆಗ ಒಂದು ಯಂತ್ರ ಸಾಲದು, ನಾಲ್ಕಾರು ಇಟ್ಟು ತಾಳೆ ನೋಡಬೇಕು. ಆ ದಾರಿಯನ್ನು ಜಪಾನಿನವರೇ ಆದ ಅಕಿ 1957ರಲ್ಲೇ ತೋರಿಸಿದ್ದರು.

"ಅದು ಹೇಗೆ ಅಂದ್ರೆ ಅದ್ದುಚ್ಚ," ಅಂದೆ, "ಪೇಟೆಯಲ್ಲಿ ಒಂದು ಸುದ್ದಿ ಹುಟ್ತದೆ. ನಿಮ್ಮ ಹೋಟೆಲಿಗೆ 8 ಗಂಟೆಗೆ, ಕ್ಷೌರದಂಗಡಿಗೆ 8.10ಕ್ಕೆ. ಮತ್ತೊಂದು ಆಚೆಯಿಂದ ಈಚೆಗೆ. ಇಂಥ ನೂರಾರು ಸುದ್ದಿ ಕೂಡಿಸಿ ನೋಡಿದರೆ ಇಲ್ಲಿಂದ ಅಲ್ಲಿಗೆ ಎಷ್ಟು ಹೊತ್ತು ಅಂತ ಸಿಕ್ಕಿಬಿಡ್ತದೆ. ಹುಟ್ಟಿಸಿದವ ಯಾರು ಅಂತ ಗೊತ್ತಾಗಬೇಕಿಲ್ಲ."

"ಗೊತ್ತಾಗಲಿಕ್ಕೆ ಎಂಥ ಉಂಟು? ಇಲ್ಲೇ ಕೂತಿದ್ದಾರೆ," ಅಂತ ಅದ್ದುಚ್ಚ ಮಾವನತ್ತ ಗಲ್ಲ ತಿರುಗಿಸಿದ.

"ಒಂದು ಯಂತ್ರದಿಂದ ಇನ್ನೊಂದಕ್ಕೆ ಕಂಪನ ಓಡುವ ಹೊತ್ತೂ ಹಾಗೆಯೇ ಸಿಕ್ತದೆ," ಅಂದೆ. "ಚುರುಕು ಕಂಪನ ಮೇಲ್ಮೈಯಲ್ಲೇ ಓಡ್ತದೆ, ನಿಧಾನದ್ದು ಆಳದಲ್ಲೂ. ಎರಡರ ವೇಗ ನೋಡಿ ಪದರ ಪದರ ಲೆಕ್ಕ ಹಾಕ್ತಾರೆ."

"ಅದೆಲ್ಲ ಸರಿ, ನೀರು ಎಲ್ಲಿ ಅಂತ ಹೇಳ್ತದಾ?" ಮಾವನ ಎರಡು ಕೊಳವೆಬಾವಿಯಲ್ಲೂ ಬಂದದ್ದು ಬರೀ ಹುಡಿ.

"ಇಲ್ಲ. ಎಲ್ಲಿ ಮೆತ್ತಗೆ, ಎಲ್ಲಿ ಗಟ್ಟಿ ಅಂತ ಮಾತ್ರ."

"ತೆಂಗಿನಕಾಯಿ ಹಿಡಿದು ನೋಡಿದವ 'ಇಲ್ಲೇ' ಅಂತ ಬೆರಳಿಟ್ಟು ತೋರಿಸಿದ್ದ."

"ಹುಡಿ ಅಲ್ಲೇ ಬಂತಲ್ಲ ಭಟ್ರೇ," ಅಂದ ರಾಮಣ್ಣ.

ಮಾವ ಸ್ವಲ್ಪ ಹೊತ್ತು ಚಾಯ ಊದಿದರು. ಆಮೇಲೆ ತಗ್ಗಿದ ದನಿಯಲ್ಲಿ ಬಂತು ನಿಜವಾದ ಸಂಗತಿ. ನಿನ್ನೆ ರಾತ್ರಿಯಿಡೀ ಯಂತ್ರ ಅಲ್ಲೇ ಇತ್ತು. ಹತ್ತಿರದ ಹೆಜ್ಜೆ ದೂರದ ಗದ್ದಲವನ್ನೆಲ್ಲ ನುಂಗಿಬಿಡುತ್ತದಂತೆ. ಬೆಳಿಗ್ಗೆ ದೋಸೆ ತಿನ್ನುತ್ತ ಹುಡುಗಿ ಗೆರೆ ನೋಡಿ, "2 ಗಂಟೆಗೆ ಅಂಗಳದಲ್ಲಿ ನಡೆದದ್ದು ಯಾರು? ಹತ್ತು ನಿಮಿಷ ಬಿಟ್ಟು ವಾಪಸೂ ಬಂದಿದ್ದಾರೆ," ಅಂದಳು. ಅತ್ತೆ ಕಾವಲಿ ಮೇಲಿನ ದೋಸೆ ಬಿಟ್ಟು ಸೀದಾ ಮಾವನ ಮುಖ ನೋಡಿದರು. ಬೀಡಿ ಬಿಟ್ಟು ಆರು ತಿಂಗಳಾಯಿತು ಅಂತ ಮನೆಯಲ್ಲಿ ಲೆಕ್ಕ.

ಅದ್ದುಚ್ಚ ಗಲ್ಲಾದ ಅಡಿಗೆ ಕೈ ಹಾಕಿ, "ಹಾಗಾದ್ರೆ ಇವತ್ತಿನ ಕಟ್ಟು ಬೇಡವಾ ಭಟ್ರೇ?" ಅಂದ.

"ಕೊಡು. ಅವಳು ನಾಳೆ ಬೆಳಿಗ್ಗಿನ ಬಸ್ಸಿಗೆ ಹೋಗ್ತಾಳೆ."